ಕೋಟೆಯ ಚರ್ಚು, ಪೇಟೆಯ ಇಗರ್ಜಿ, ತೋಟದ ಸಭೆ

ಮಡಿಕೇರಿ ಕೋಟೆಯೊಳಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಅಂಗಳದಲ್ಲಿ ನಿಂತ ಎರಡು ಗಾರೆಯ ಆನೆಗಳು. ಆಮೇಲೆ ಲಿಂಗರಾಜೇಂದ್ರ ಕಟ್ಟಿಸಿದ ಅರಮನೆ. ಇವೆರಡನ್ನೂ ನೋಡಿ ಮುಗಿಸಿದವರು ಆಗ್ನೇಯ ಮೂಲೆಯಲ್ಲಿರುವ, ಬಣ್ಣದ ಗಾಜಿನ ಕಿಟಕಿಯ ಕಟ್ಟಡದ ಕಡೆಗೆ ನಡೆಯುತ್ತಾರೆ. ಹೊರಗಿನಿಂದ ಅದು ಚರ್ಚು, ಒಳಗೆ ವಸ್ತುಸಂಗ್ರಹಾಲಯ. ಕೊಡಗಿನ ಗುಡಿ-ಬಸದಿಗಳ ಕಾಲದ ಶಿಲ್ಪಗಳು, ಅರಸರ ಕಾಲದ ಆಯುಧಗಳು, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ನೆನಪಿನ ವಸ್ತುಗಳು ಅಲ್ಲಿವೆ. ಇದು ಸೇಂಟ್ ಮಾರ್ಕ್ಸ್ ಚರ್ಚು. ಸ್ವಾತಂತ್ರ್ಯ ಬಂದ ಮೇಲೆ ಇಲ್ಲಿ ಪ್ರಾರ್ಥನೆ ನಿಂತಿತು. 1971ರಲ್ಲಿ ಕಟ್ಟಡ ರಾಜ್ಯದ ಪುರಾತತ್ತ್ವ ಇಲಾಖೆಯ ವಶಕ್ಕೆ ಬಂತು.

ಇಲ್ಲಿಂದ ದಕ್ಷಿಣಕ್ಕೆ 30 ಕಿಲೋಮೀಟರ್ ಆಸುಪಾಸಿನಲ್ಲಿರುವ ವಿರಾಜಪೇಟೆಯಲ್ಲಿ ಇದಕ್ಕಿಂತ ಹಳೆಯದೊಂದು ಕ್ರೈಸ್ತ ಸಭೆ ಇದೆ. ಸಂತ ಅನ್ನಮ್ಮನ ಹೆಸರಿನ ಆ ದೇವಾಲಯಕ್ಕೆ ಭಾನುವಾರ ಜನ ಇಂದಿಗೂ ಬರುತ್ತಾರೆ. ಈ ಎರಡೂ ಊರುಗಳಿಗೆ ದೂರವಲ್ಲದ ಸಿದ್ದಾಪುರದ ಕಡೆ, ಕಾಫಿ ತೋಟಗಳ ನಡುವೆ, ಆನಂದಪುರ ಎಂಬ ಮೂರನೆಯ ಜಾಗವಿದೆ. ಪ್ರವಾಸಿಗರಿಗೆ ಅದರ ಹೆಸರೇ ಗೊತ್ತಿರುವುದಿಲ್ಲ. ಅರವತ್ತು ಎಪ್ಪತ್ತು ವರ್ಷಗಳ ಅವಧಿಯಲ್ಲಿ ಒಂದು ಪುಟ್ಟ ಮಲೆನಾಡಿನಲ್ಲಿ ಹುಟ್ಟಿಕೊಂಡ ಈ ಮೂರು ಸಭೆಗಳು ಓದಿದ್ದು ಒಂದೇ ಬೈಬಲ್ಲನ್ನು. ಆದರೆ ಒಂದು ಸಭೆಯವರು ಇನ್ನೊಂದು ಸಭೆಯವರ ಪಕ್ಕದಲ್ಲಿ ಕುಳಿತು ಪ್ರಾರ್ಥನೆ ಮಾಡುವುದನ್ನು ಕಲ್ಪಿಸಿಕೊಳ್ಳುವುದೂ ಆ ಕಾಲದಲ್ಲಿ ಕಷ್ಟವಿತ್ತು. ಚರ್ಚುಗಳ ಇತಿಹಾಸ ಬರೆಯುವಾಗ ನಾವು ಗೋಪುರದ ಎತ್ತರ, ಕಮಾನಿನ ಶೈಲಿ, ಅಡಿಗಲ್ಲಿನ ತಾರೀಕು ಇಷ್ಟನ್ನೇ ನೋಡುತ್ತೇವೆ. ಜಾಗ ಕೊಟ್ಟವರು ಯಾರು, ಯಾಕೆ ಕೊಟ್ಟರು, ಅಲ್ಲಿ ಮಂಡಿಯೂರಿದವರು ಯಾರು ಎಂದು ಕೇಳಿದರೆ ಬೇರೆಯೇ ಕಥೆ ಹೊರಡುತ್ತದೆ.

ಹಳೆಯದರಿಂದಲೇ ಶುರುಮಾಡೋಣ.

1784ರ ಫೆಬ್ರುವರಿಯಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕೊಂಕಣಿ ಕ್ಯಾಥೊಲಿಕರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಎರಡನೆಯ ಮೈಸೂರು ಯುದ್ಧದಲ್ಲಿ ಅವರು ಇಂಗ್ಲಿಷರಿಗೆ ನೆರವಾದರು ಎಂಬುದು ಅವರ ಮೇಲಿದ್ದ ಆರೋಪ. ಹೋದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. 30,000 ಎನ್ನುವವರಿಂದ 80,000 ಎನ್ನುವವರ ತನಕ ಇದ್ದಾರೆ. ಮರುವರ್ಷ ಕೊಡವರ ಸರದಿ. ದಂಗೆಯೆದ್ದ ಕೊಡವರನ್ನೂ ಹಿಡಿದು ಅದೇ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಹೀಗೆ ಮೊದಲು ಒಬ್ಬರಿಗೊಬ್ಬರು ಪರಿಚಯವೇ ಇರದಿದ್ದ ಕರಾವಳಿಯ ಕ್ಯಾಥೊಲಿಕರು ಮತ್ತು ಮಲೆನಾಡಿನ ಕೊಡವರು ಒಂದೇ ಊರಿನಲ್ಲಿ ಸೆರೆಯಾಳುಗಳಾದರು.

ಕೊಡಗಿನ ರಾಜಕುಮಾರನೂ ಸೆರೆಯಲ್ಲೇ ಇದ್ದ. ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರನನ್ನು ಕುಟುಂಬದ ಸಮೇತ ಪಿರಿಯಾಪಟ್ಟಣದಲ್ಲಿ ಇಟ್ಟಿದ್ದರು. 1788ರಲ್ಲಿ ಅವನು ತಪ್ಪಿಸಿಕೊಂಡು ಬಂದು ಕೊಡಗನ್ನು ಮರಳಿ ಗೆಲ್ಲಲು ಹೊರಟ. 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದವಾಯಿತು. ಮುಂದಿನ ವರ್ಷ ಜನರಲ್ ಅಬರ್‌ಕ್ರೋಂಬಿಯ ಮುಂಬಯಿ ಸೇನೆ ಮಲಬಾರಿನ ಕರಾವಳಿಯಿಂದ ಘಟ್ಟ ಹತ್ತಿ ಕೊಡಗಿನ ಮೂಲಕ ಶ್ರೀರಂಗಪಟ್ಟಣದ ಕಡೆಗೆ ನಡೆಯಿತು. ರಾಜನೂ ಜನರಲ್ಲನೂ ಭೇಟಿಯಾದದ್ದರ ನೆನಪಿಗೆ 1792ರಲ್ಲಿ ಒಂದು ಪೇಟೆ ಹುಟ್ಟಿತು. ಅದೇ ವೀರರಾಜೇಂದ್ರಪೇಟೆ, ಜನರ ಬಾಯಲ್ಲಿ ಸವೆದು ವಿರಾಜಪೇಟೆ.

ಹೊಸ ಪೇಟೆಗೆ ರಾಜ ಕರೆದವರಲ್ಲಿ ಟಿಪ್ಪುವಿನ ಸೀಮೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ಯಾಥೊಲಿಕರೂ ಇದ್ದರು. ಅವರಿಗೆ ನೆಲೆ ಸಿಕ್ಕಿತು, ಪೂಜೆಗೆ ಜಾಗ ಸಿಕ್ಕಿತು. ಸಂತ ಅನ್ನಮ್ಮನ ಸಭೆ ತನ್ನ ಹುಟ್ಟನ್ನು ಎಣಿಸುವುದು ಅದೇ 1792ರಿಂದ. ಅಂದರೆ ಊರಿಗೂ ಇಗರ್ಜಿಗೂ ಒಂದೇ ವಯಸ್ಸು. ಕರ್ನಾಟಕದಲ್ಲಿ ಊರು ಬೆಳೆದ ಮೇಲೆ ಚರ್ಚು ಬಂದ ಉದಾಹರಣೆಗಳು ಬೇಕಾದಷ್ಟಿವೆ. ಊರಿನ ಮೊದಲ ಒಕ್ಕಲುಗಳ ಜೊತೆಗೇ ಚರ್ಚು ಬಂದದ್ದು ಅಪರೂಪ.

ಇದನ್ನು ರಾಜನ ಔದಾರ್ಯ ಎಂದು ಹೇಳಿ ಮುಗಿಸುವ ರೂಢಿಯಿದೆ. ಔದಾರ್ಯ ಇರಲಿಲ್ಲವೆಂದು ನಾನು ಹೇಳಲಾರೆ. ತಾನೇ ಸೆರೆಯಲ್ಲಿದ್ದವನಿಗೆ ಸೆರೆ ತಪ್ಪಿಸಿಕೊಂಡು ಬಂದವರ ಕಷ್ಟ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಲೆಕ್ಕವೂ ಇತ್ತು. ಸೆರೆಯೊಯ್ದವರಿಂದ, ಕೊಂದವರಿಂದ ಕೊಡಗು ಖಾಲಿಯಾಗಿತ್ತು. ಗದ್ದೆಗಳು ಬೀಳುಬಿದ್ದಿದ್ದವು. ರಾಜನಿಗೆ ಬೇಕಾಗಿದ್ದದ್ದು ಜನ. ಬೇಸಾಯ ಬಲ್ಲವರು, ಪೇಟೆಯಲ್ಲಿ ಅಂಗಡಿ ಇಡಬಲ್ಲವರು, ಕಣ್ಣಾನೂರು, ತಲಚೇರಿಗಳ ದಾರಿಯಲ್ಲಿ ವ್ಯಾಪಾರ ನಡೆಸಬಲ್ಲವರು. ವೀರಶೈವ ಅರಸ, ಕ್ಯಾಥೊಲಿಕ್ ಒಕ್ಕಲು, ಇಂಗ್ಲಿಷ್ ಜನರಲ್ಲನ ನೆನಪಿನ ಊರು. ಈ ಮೂರೂ ಸೇರಿಕೊಂಡದ್ದು ಯಾವ ದೊಡ್ಡ ತತ್ತ್ವದಿಂದಲೂ ಅಲ್ಲ, ಯುದ್ಧದ ಮರುದಿನದ ಅಗತ್ಯದಿಂದ. ಅಗತ್ಯದಿಂದ ಹುಟ್ಟಿದ್ದಕ್ಕೇ ಅದು ಬಾಳಿತು ಎಂಬುದು ನನ್ನ ಅಂದಾಜು. ಆ ಸಭೆಯವರು ಯಾರನ್ನೂ ಮತಾಂತರಿಸಲು ಬಂದವರಲ್ಲ. ತಮ್ಮ ದೇವರನ್ನು ಗಂಟುಕಟ್ಟಿಕೊಂಡು ತಂದವರು.

ಇಲ್ಲೊಂದು ಮಾತು ಬದಿಗೆ. ಅದೇ ವಿರಾಜಪೇಟೆಯ ಸುತ್ತ ಕೊಡವ ಮಾಪಿಳ್ಳೆಗಳಿದ್ದಾರೆ. ಶ್ರೀರಂಗಪಟ್ಟಣದಲ್ಲಿ ಇಸ್ಲಾಮಿಗೆ ಸೇರಿಸಲ್ಪಟ್ಟು, ಮರಳಿ ಬಂದಾಗ ಹಳೆಯ ಮನೆಯೊಳಗೆ ಮೊದಲಿನ ಹಾಗೆ ಸೇರಲಾಗದೆ ಉಳಿದ ಕೊಡವರ ಸಂತತಿ ಎಂದು ಹೇಳಿಕೊಳ್ಳುವ ಕುಟುಂಬಗಳು. ಅವರಲ್ಲಿ ಹಲವರು ತಮ್ಮ ಮನೆತನದ ಹೆಸರನ್ನು ಇಂದಿಗೂ ಬಿಟ್ಟಿಲ್ಲ. ಒಂದೇ ಸೆರೆಮನೆಯ ನೆನಪು ಒಂದೇ ಪೇಟೆಯ ಎರಡು ಬೀದಿಗಳಲ್ಲಿ ಎರಡು ಧರ್ಮಗಳಾಗಿ ಉಳಿದಿದೆ. ಕೊಡಗಿನಲ್ಲಿ ಧರ್ಮಕ್ಕಿಂತ ಮನೆತನ ಗಟ್ಟಿ. ಇದನ್ನು ಮುಂದೆ ಜರ್ಮನಿಯಿಂದ ಬಂದ ಒಬ್ಬ ಪಾದ್ರಿ ತನ್ನ ಖರ್ಚಿನಲ್ಲೇ ಕಲಿಯಬೇಕಾಯಿತು.

ಅದಕ್ಕೆ ಮುಂಚೆ ಕೋಟೆಗೆ ಮರಳಬೇಕು.

1834ರ ಏಪ್ರಿಲ್‌ನಲ್ಲಿ ಕಂಪನಿಯ ಸೇನೆ ಮಡಿಕೇರಿಗೆ ಬಂತು. ಕೊನೆಯ ಅರಸ ಚಿಕ್ಕವೀರರಾಜೇಂದ್ರ ಪದಚ್ಯುತನಾದ. ಮೇ ತಿಂಗಳಲ್ಲಿ ಕೊಡಗನ್ನು ಸೇರಿಸಿಕೊಂಡ ಘೋಷಣೆ ಹೊರಟಿತು. ಜನರ ಲೌಕಿಕ ಮತ್ತು ಧಾರ್ಮಿಕ ನಡವಳಿಕೆಗಳನ್ನು ಗೌರವಿಸಲಾಗುವುದು ಎಂಬ ಭರವಸೆ ಅದರಲ್ಲಿತ್ತು. ಇಪ್ಪತ್ತೊಂದು ವರ್ಷಗಳ ನಂತರ, 1855ರಲ್ಲಿ, ಕೋಟೆಯೊಳಗಿದ್ದ ವೀರಭದ್ರನ ಗುಡಿಯನ್ನು ತೆಗೆಸಲಾಯಿತು. ಆ ಜಾಗದಲ್ಲಿ ಆಂಗ್ಲಿಕನ್ ಚರ್ಚು ಎದ್ದಿತು. ಹಾಲೇರಿ ಅರಸರು ವೀರಶೈವರು. ಅರಮನೆಯ ಮಗ್ಗುಲಲ್ಲೇ ವೀರಭದ್ರ ಇದ್ದದ್ದು ಅವರ ಮನೆದೇವರ ಸಾಲಿನಲ್ಲಿ. ಅರಸನೇ ಇಲ್ಲದ ಮೇಲೆ ಅರಸನ ದೇವರಿಗೆ ಕೋಟೆಯಲ್ಲಿ ಏನು ಕೆಲಸ ಎಂದು ಅಧಿಕಾರಿಗಳು ಯೋಚಿಸಿರಬೇಕು. ಲಿಂಗರಾಜೇಂದ್ರ ಊರೊಳಗೆ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನವನ್ನು ಯಾರೂ ಮುಟ್ಟಲಿಲ್ಲ. ಅದು ಜನರದ್ದು. ಮುಟ್ಟಿದರೆ ಏನಾಗುತ್ತದೆಂದು ಆಳುವವರಿಗೆ ಚೆನ್ನಾಗಿ ಗೊತ್ತಿತ್ತು. 1837ರಲ್ಲಿ ಸುಳ್ಯ ಸೀಮೆಯಿಂದ ಎದ್ದ ದಂಗೆ ಮಂಗಳೂರಿನ ತನಕ ಹೋದದ್ದನ್ನು ಅವರು ಮರೆತಿರಲಾರರು.

ಕೋಟೆಯ ಚರ್ಚು ಯಾರಿಗಾಗಿ? ಕಂಪನಿಯ ಅಧಿಕಾರಿಗಳು, ಸಿಪಾಯಿ ದಳದ ಬಿಳಿಯ ಮೇಲಧಿಕಾರಿಗಳು, ಅವರ ಮಡದಿ ಮಕ್ಕಳು, ಆಮೇಲೆ ಕಾಫಿ ತೋಟದ ದೊರೆಗಳು. ಬ್ರಿಟಿಷ್ ಇಂಡಿಯಾದಲ್ಲಿ ಆಂಗ್ಲಿಕನ್ ಪಾದ್ರಿಗಳಲ್ಲಿ ಒಂದು ವರ್ಗ ಸರ್ಕಾರಿ ನೌಕರರದ್ದು. ಅವರನ್ನು ಚಾಪ್ಲಿನ್ ಎನ್ನುತ್ತಿದ್ದರು. ಅವರ ಸಂಬಳ ಹೋಗುತ್ತಿದ್ದುದು ಭಾರತದ ಕಂದಾಯದಿಂದಲೇ. ಗದ್ದೆಯ ಕಂದಾಯ ಕಟ್ಟಿದ ರೈತನಿಗೆ ತನ್ನ ಹಣದಲ್ಲಿ ಒಂದು ಪಾಲು ಆಳುವವರ ದೇವರಿಗೆ ಹೋಗುತ್ತದೆಂಬುದು ಗೊತ್ತಿತ್ತೋ ಇಲ್ಲವೋ. ಈ ಸಭೆಗೆ ಊರಿನಲ್ಲಿ ಬೇರು ಬೇಕಿರಲಿಲ್ಲ. ಅಲ್ಲಿ ಪ್ರಾರ್ಥನೆ ಮಾಡಿದವರು ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಜನ. ನಿವೃತ್ತರಾದ ಮೇಲೆ ಹಡಗು ಹತ್ತುವ ಜನ. ಮಡಿಕೇರಿಯಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಮಣ್ಣಾಗುವ ಮೂರು ತಲೆಮಾರು ಇದ್ದರೆ ಮಾತ್ರ ಒಂದು ಸಭೆ ಊರಿನದಾಗುತ್ತದೆ. ಅದು ಇಲ್ಲಿ ಆಗಲಿಲ್ಲ. 1947ರಲ್ಲಿ ಆಳುವವರು ಹೊರಟಾಗ ಚರ್ಚು ಮುಚ್ಚಿದ್ದರಲ್ಲಿ ಅಚ್ಚರಿಪಡಲು ಏನೂ ಇಲ್ಲ.

ಕಟ್ಟಡಗಳಿಗೆ ಕೆಲವೊಮ್ಮೆ ವಿಚಿತ್ರ ಯೋಗ ಒದಗುತ್ತದೆ. ಗುಡಿಯನ್ನು ತೆಗೆದು ಕಟ್ಟಿದ ಚರ್ಚಿನೊಳಗೆ ಇಂದು ಗುಡಿಗಳ ಶಿಲ್ಪಗಳು ಕುಳಿತಿವೆ. ಅವುಗಳಿಗೆ ಪೂಜೆಯೂ ಇಲ್ಲ, ಪ್ರಾರ್ಥನೆಯೂ ಇಲ್ಲ. ಹೆಸರಿನ ಚೀಟಿ ಮಾತ್ರ.

ವೀರಭದ್ರನ ಗುಡಿ ಉರುಳುವುದಕ್ಕೆ ಮೂರು ವರ್ಷ ಮುಂಚೆ ಅದೇ ಅರಸುಮನೆತನದ ಹೆಣ್ಣುಮಗಳೊಬ್ಬಳು ಕ್ರೈಸ್ತಳಾಗಿದ್ದಳು. ಅದು ಲಂಡನ್ನಿನಲ್ಲಿ. ಪದಚ್ಯುತ ಚಿಕ್ಕವೀರರಾಜೇಂದ್ರ ಕಾಶಿಯಿಂದ ಇಂಗ್ಲೆಂಡಿಗೆ ಹೋದದ್ದು 1852ರಲ್ಲಿ. ಜೊತೆಗೆ ಹನ್ನೊಂದು ವರ್ಷದ ಮಗಳು ಗೌರಮ್ಮ. ಕಂಪನಿ ತಡೆಹಿಡಿದಿದ್ದ ಮನೆತನದ ಹಣವನ್ನು ಬಿಡಿಸಿಕೊಳ್ಳುವುದು ಅರಸನ ಮುಖ್ಯ ಉದ್ದೇಶ. ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರು ಗೌರಮ್ಮನಿಗೆ ದೀಕ್ಷಾಸ್ನಾನ ಕೊಟ್ಟರು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೂ ಕೊಟ್ಟಳು. ವಿಂಟರ್‌ಹಾಲ್ಟರ್ ಎಂಬ ಹೆಸರಾಂತ ಕಲಾವಿದ ಅವಳ ಚಿತ್ರ ಬರೆದ. ತಂದೆಗೆ ಹಣ ಬರಲಿಲ್ಲ. ಅವನು 1859ರಲ್ಲಿ ಲಂಡನ್ನಿನಲ್ಲೇ ಸತ್ತ. ಮಗಳು ತನಗಿಂತ ಬಹಳ ಹಿರಿಯನಾದ ಇಂಗ್ಲಿಷ್ ಸೇನಾಧಿಕಾರಿಯೊಬ್ಬನನ್ನು ಮದುವೆಯಾಗಿ, ಒಂದು ಹೆಣ್ಣುಮಗುವನ್ನು ಹೆತ್ತು, 1864ರಲ್ಲಿ ತೀರಿಕೊಂಡಳು. ಆಗ ಅವಳಿಗೆ ಇಪ್ಪತ್ತಮೂರು ವರ್ಷವೂ ತುಂಬಿತ್ತೋ ಇಲ್ಲವೋ. ಇಷ್ಟು ವೈಭವದ ದೀಕ್ಷಾಸ್ನಾನ ಕೊಡಗಿನ ಯಾರಿಗೂ ಆಗಿರಲಿಕ್ಕಿಲ್ಲ. ಇಷ್ಟು ಒಂಟಿಯಾದದ್ದೂ ಇನ್ನೊಂದಿರಲಿಕ್ಕಿಲ್ಲ. ಅವಳಿಗೆ ಧರ್ಮಮಾತೆ ಇದ್ದಳು, ಸಭೆ ಇರಲಿಲ್ಲ.

ಮರುವರ್ಷ ಮಂಗಳೂರಿನಲ್ಲಿ ಇನ್ನೊಂದು ದೀಕ್ಷಾಸ್ನಾನವಾಯಿತು. ಅದರ ಸದ್ದು ಲಂಡನ್ನಿಗೆ ಕೇಳಲಿಲ್ಲ. ಆದರೆ ಕೊಡಗಿನಲ್ಲಿ ಅದರ ಫಲ ಹೆಚ್ಚು ಕಾಲ ಉಳಿಯಿತು.

ಹರ್ಮನ್ ಮೋಗ್ಲಿಂಗ್ ಹೆಸರು ಕನ್ನಡದ ವಿದ್ಯಾರ್ಥಿಗಳಿಗೆ ಗೊತ್ತು. 1843ರ ಜುಲೈನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದವರು, ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಹಳೆಯ ಕನ್ನಡ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದವರು. ವ್ಯೂರ್ಟೆಂಬರ್ಗ್ ಸೀಮೆಯಲ್ಲಿ 1811ರಲ್ಲಿ ಹುಟ್ಟಿ, 1836ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಮಂಗಳೂರಿಗೆ ಬಂದರು. ಪತ್ರಿಕೆಯ ಮೋಗ್ಲಿಂಗ್, ಗ್ರಂಥಸಂಪಾದಕ ಮೋಗ್ಲಿಂಗ್ ನಮ್ಮ ಪಠ್ಯಗಳಲ್ಲಿ ಬರುತ್ತಾರೆ. ಕೊಡಗಿನ ಮೋಗ್ಲಿಂಗ್ ಅಷ್ಟಾಗಿ ಬರುವುದಿಲ್ಲ.

ಸೋಮಯ್ಯ ಎಂಬ ಕೊಡವ ಮಂಗಳೂರಿಗೆ ಬಂದು ಮೋಗ್ಲಿಂಗರನ್ನು ಕಂಡು, 1853ರಲ್ಲಿ ದೀಕ್ಷಾಸ್ನಾನ ಪಡೆದು ಸ್ತೆಫಾನನಾದ. ಹಿಂದಕ್ಕೆ ಊರಿಗೆ ಹೋಗುವಾಗ ಜೊತೆಯಲ್ಲಿ ಮೋಗ್ಲಿಂಗರೂ ಘಟ್ಟ ಹತ್ತಿದರು. ಆರಂಭದಲ್ಲಿ ಇದು ಮಿಶನ್ನಿನ ಯೋಜನೆ ಎನ್ನುವುದಕ್ಕಿಂತ ಅವರ ಸ್ವಂತ ಸಾಹಸ. ಅವರಿಗೆ ಕೊಡವರ ಬಗ್ಗೆ ಬಹಳ ಆಸೆಯಿತ್ತು. ಭೂಮಿ ಉಳ್ಳವರು, ಧೈರ್ಯಶಾಲಿಗಳು, ಬ್ರಾಹ್ಮಣ ಪುರೋಹಿತರ ಹಿಡಿತ ಅಷ್ಟಾಗಿ ಇಲ್ಲದವರು. ಒಬ್ಬ ಬಂದರೆ ಹಿಂದೆ ನೂರು ಜನ ಬಂದಾರು. 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಅವರ ‘ಕೂರ್ಗ್ ಮೆಮಾಯರ್ಸ್’ ಈ ಉತ್ಸಾಹದ ದಿನಗಳ ಪುಸ್ತಕ. ಕೊಡಗಿನ ಅರಸರ ಚರಿತ್ರೆಯನ್ನೂ ಮಿಶನ್ನಿನ ಕಥೆಯನ್ನೂ ಒಟ್ಟಿಗೆ ಹೇಳುವ ಪುಸ್ತಕ.

ನೂರು ಜನ ಬರಲಿಲ್ಲ. ಯಾಕೆ ಎಂಬುದಕ್ಕೆ ಉತ್ತರ ಧರ್ಮಶಾಸ್ತ್ರದಲ್ಲಿಲ್ಲ, ಐನ್‌ಮನೆಯಲ್ಲಿದೆ. ಕೊಡವರ ಬದುಕು ಒಕ್ಕದ ಬದುಕು. ಜಮ್ಮಾ ಭೂಮಿ ಒಬ್ಬನದಲ್ಲ, ಒಕ್ಕದ್ದು. ಹಬ್ಬ ಒಕ್ಕದ್ದು, ಮದುವೆ ಒಕ್ಕದ್ದು. ಗುರುಕಾರಣರಿಗೆ ಎಡೆ ಇಡುವುದೂ ಒಕ್ಕವೇ. ಕಾರಣರಿಗೆ ತಲೆಬಾಗದವನು ಕೈಲ್‌ಪೊಳ್ದಿನ ದಿನ ಎಲ್ಲಿ ನಿಲ್ಲಬೇಕು? ಅವನ ಮಗಳ ಮದುವೆಗೆ ಹೋಗುವವರು ಯಾರು? ನೂರು ವರ್ಷಗಳ ನಂತರ, 1952ರಲ್ಲಿ, ಎಂ. ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜದ ಮೇಲಿನ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಒಕ್ಕವನ್ನು ಬಿಡಿಸಿ ಬಿಡಿಸಿ ತೋರಿಸಿದ್ದು ಇದನ್ನೇ. ಒಬ್ಬ ಮನುಷ್ಯ ನಂಬಿಕೆಯನ್ನು ಬದಲಿಸಬಹುದು. ಒಕ್ಕವನ್ನು ಬಿಟ್ಟರೆ ಅವನಿಗೆ ನಿಲ್ಲಲು ನೆಲವೇ ಇರುವುದಿಲ್ಲ.

ಬಂದವರು ಬೇರೆಯವರು. ಒಕ್ಕದ ಗದ್ದೆಯಲ್ಲಿ ದುಡಿಯುತ್ತಿದ್ದರೂ ಒಕ್ಕದೊಳಗೆ ಎಂದೂ ಸೇರದವರು.

ಆ ಕಾಲದ ಕೊಡಗಿನಲ್ಲಿ ಜೀತ ಇತ್ತು ಎಂದರೆ ಸಾಲದು, ಆಳುಗಳ ಒಡೆತನವೇ ಇತ್ತು. ಭೂಮಿಯ ಜೊತೆಗೆ ಕೈ ಬದಲಾಯಿಸುತ್ತಿದ್ದವರು ‘ಭೂಮಿ ಜಮ್ಮದ ಆಳು’. ಮನೆತನಕ್ಕೆ ಸೇರಿದವರಾಗಿ, ಒಡೆಯ ಬೇಕೆಂದಾಗ ಅಡವಿಡಬಹುದಾದ, ಮಾರಬಹುದಾದವರು ‘ಒಕ್ಕಲು ಜಮ್ಮದ ಆಳು’. ದಾಖಲೆಗಳು ಹೊಲೆಯರು ಎಂದು ಕರೆಯುವ ಜನ ಹೆಚ್ಚಾಗಿ ಈ ಪಟ್ಟಿಯಲ್ಲಿದ್ದವರು. 1843ರ ಕಾನೂನು ಗುಲಾಮಗಿರಿಗೆ ನ್ಯಾಯಾಲಯದ ಬೆಂಬಲವನ್ನು ತೆಗೆದುಹಾಕಿತು. ಕಾಗದದ ಮೇಲೆ ಬಿಡುಗಡೆಯಾಯಿತು. ಆದರೆ ಒಡೆಯನ ಗದ್ದೆ ಬಿಟ್ಟರೆ ಉಳಿಯಲು ಗುಡಿಸಲಿಲ್ಲ, ಉಣ್ಣಲು ಕೂಳಿಲ್ಲ ಎಂಬ ಸ್ಥಿತಿಯಲ್ಲಿ ಕಾಗದದಿಂದ ಏನಾದೀತು? ಸೋಮಯ್ಯನ ಹಿಂದೆ ಬಂದ ಪಾದ್ರಿಯ ಮನೆಬಾಗಿಲಿಗೆ ಒಡೆಯರ ಬದಲು ಆಳುಗಳು ಬರತೊಡಗಿದರು.

ಇಲ್ಲಿ ಮಿಶನ್ನಿನ ಮುಂದೆ ನಿಂತ ಪ್ರಶ್ನೆ ಸಣ್ಣದಲ್ಲ. ಆಳುಗಳನ್ನು ಸೇರಿಸಿಕೊಂಡರೆ ಕೊಡವರು ಎಂದೆಂದಿಗೂ ಬಾರರು. ಸೇರಿಸಿಕೊಳ್ಳದಿದ್ದರೆ ತಾವು ಸಾರುವ ಸುವಾರ್ತೆಗೆ ಅರ್ಥವಿಲ್ಲ. ಮೋಗ್ಲಿಂಗ್ ಎರಡನೆಯ ಮಾತನ್ನು ಕೇಳಿದರು. 1850ರ ದಶಕದ ಕೊನೆಯ ವರ್ಷಗಳಲ್ಲಿ ಸಿದ್ದಾಪುರದ ಕಡೆ ನೆಲ ಕೊಂಡು ಒಂದು ಹಳ್ಳಿಯನ್ನೇ ಕಟ್ಟಲಾಯಿತು. ಅದೇ ಆನಂದಪುರ. ಪಾಠಕ್ಕಿಂತ ಮೊದಲು ಅಲ್ಲಿ ಸಿಕ್ಕಿದ್ದು ನೆಲ. ಯಾವ ಒಡೆಯನೂ ಎಬ್ಬಿಸಲಾಗದ ಗುಡಿಸಲು, ತಮ್ಮದೇ ದುಡಿಮೆ. ಮಿಶನ್ನನ್ನು ಎಷ್ಟೇ ಟೀಕಿಸಿದರೂ (ಟೀಕಿಸಲು ಕಾರಣಗಳಿವೆ) ಈ ಒಂದು ಕ್ರಮ ಬುದ್ಧಿವಂತಿಕೆಯದು ಎಂದೇ ನನಗೆ ಕಾಣುತ್ತದೆ.

ಊರಿನ ಹೆಸರಿನಲ್ಲಿ ಇನ್ನೊಬ್ಬರ ಹೆಸರೂ ಕೂಡಿಕೊಂಡಿದೆ. ಆನಂದರಾವ್ ಕೌಂಡಿನ್ಯ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದವರು. ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದಾಗ 1844ರ ಜನವರಿಯಲ್ಲಿ ಕ್ರೈಸ್ತರಾದರು. ಊರಿನಲ್ಲಿ ದೊಡ್ಡ ಗಲಭೆಯೇ ಆಯಿತು. ಗುರು ಮೋಗ್ಲಿಂಗರ ಹೆಸರನ್ನೇ ತಮ್ಮ ಹೆಸರಿನ ಮುಂದೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಪಟ್ಟ ಪಡೆದು ಬಂದರು. 1860ರಲ್ಲಿ ಜರ್ಮನ್ ಹೆಣ್ಣನ್ನು ಮದುವೆಯಾದರು. ಕೊಡಗಿನ ಕೆಲಸದಲ್ಲಿ ಗುರುವಿನ ಜೊತೆ ನಿಂತರು. ಒಮ್ಮೆ ಯೋಚಿಸಿ. ಹೊಲೆಯರ ನೆರಳೂ ಸೋಕಬಾರದ ಮನೆಯಲ್ಲಿ ಹುಟ್ಟಿದ ಮನುಷ್ಯ ಅದೇ ಹೊಲೆಯರ ಹಳ್ಳಿಯಲ್ಲಿ ಸಭಾಪಾಲಕನಾಗಿ ಅವರ ಕೈಗೆ ರೊಟ್ಟಿ ಮುರಿದುಕೊಡುವುದು. ನಮ್ಮ ಕಾದಂಬರಿಗಳಲ್ಲಿ ಇಂಥ ದೃಶ್ಯಕ್ಕೆ ಪುಟಗಟ್ಟಲೆ ಸಿದ್ಧತೆ ಬೇಕಾಗುತ್ತದೆ. ಅಲ್ಲಿ ಅದು ಭಾನುವಾರದ ವಾಡಿಕೆಯಾಗಿತ್ತು.

ಹಾಗೆಂದು ಆನಂದಪುರವನ್ನು ಸ್ವರ್ಗ ಎನ್ನಬೇಕಾಗಿಲ್ಲ. ಮಿಶನ್ ಹಳ್ಳಿಗಳಲ್ಲಿ ಶಿಸ್ತು ಬಿಗಿ. ಕಳ್ಳು ಕುಡಿದರೆ, ಹಳೆಯ ದೈವಕ್ಕೆ ಹರಕೆ ಹೊತ್ತರೆ, ಭಾನುವಾರ ತಪ್ಪಿಸಿದರೆ ಸಭೆಯ ಹಿರಿಯರ ಮುಂದೆ ನಿಲ್ಲಬೇಕು. ಮನೆ, ಕೆಲಸ, ದೇವರು ಮೂರೂ ಒಂದೇ ಕೈಯಲ್ಲಿದ್ದಾಗ ಪಾದ್ರಿಯೇ ಹೊಸ ಒಡೆಯನಾಗುವ ಅಪಾಯ ಇದ್ದೇ ಇರುತ್ತದೆ. ಜೊತೆಗೆ ಈ ನೆಲದ ಭಾಗ್ಯ ಕಾಫಿಯ ಭಾಗ್ಯಕ್ಕೆ ಕಟ್ಟಿಕೊಂಡಿತ್ತು. ಕೊಡಗಿನಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಎದ್ದದ್ದು 1854ರಲ್ಲಿ, ಮಡಿಕೇರಿಯಲ್ಲಿ. ಹತ್ತು ಹನ್ನೆರಡು ವರ್ಷಗಳಲ್ಲಿ ಕಾಡು ಕಡಿದು ತೋಟ ಮಾಡುವ ಹುಚ್ಚು ಎಲ್ಲೆಡೆ ಹಬ್ಬಿತು. 1860ರ ದಶಕ ಮುಗಿಯುವ ಹೊತ್ತಿಗೆ ಕಾಂಡಕೊರಕ ಹುಳು ಬಂದು ಎಷ್ಟೋ ತೋಟಗಳನ್ನು ಮಲಗಿಸಿತು. ದೊರೆಗಳು ತೋಟ ಮಾರಿ ಹೋಗಬಹುದಿತ್ತು. ಆನಂದಪುರದವರಿಗೆ ಹೋಗಲು ಬೇರೆ ಜಾಗವಿರಲಿಲ್ಲ.

ಬದಲಾದದ್ದೂ ಇದೆ. ಬಾಸೆಲ್ ಮಿಶನ್ನಿನವರು ಓದು ಬರಹಕ್ಕೆ ಕೊಟ್ಟ ಮಹತ್ವ ದೊಡ್ಡದು. ಬೈಬಲ್ಲನ್ನು ತಾನೇ ಓದಬೇಕು ಎಂಬುದು ಪ್ರಾಟೆಸ್ಟಂಟರ ಹಟ. ಹಾಗಾಗಿ ಆಳಿನ ಮಗ ಕನ್ನಡ ಅಕ್ಷರ ಕಲಿತ, ಮಗಳೂ ಕಲಿತಳು. ಜರ್ಮನ್ ರಾಗಕ್ಕೆ ಕನ್ನಡದ ಮಾತು ಕೂಡಿಸಿದ ಗೀತೆಗಳನ್ನು ಹಾಡಿದರು. ಮೂರು ಸಭೆಗಳ ಭಾಷೆಯನ್ನೇ ನೋಡಿ. ಕೋಟೆಯಲ್ಲಿ ಇಂಗ್ಲಿಷ್. ವಿರಾಜಪೇಟೆಯಲ್ಲಿ ಪೂಜೆ ಲ್ಯಾಟಿನ್ನಿನಲ್ಲಿ, ಮನೆಯಲ್ಲಿ ಕೊಂಕಣಿ. ಲ್ಯಾಟಿನ್ ಹೋಗಿ ಜನರ ಭಾಷೆ ಬಲಿಪೀಠಕ್ಕೆ ಬರಲು 1960ರ ದಶಕದ ವ್ಯಾಟಿಕನ್ ಮಹಾಸಭೆಯೇ ಆಗಬೇಕಾಯಿತು. ಕನ್ನಡದಲ್ಲಿ ದೇವರೊಡನೆ ಮಾತಾಡಿದವರು ಆನಂದಪುರದವರು. ಪ್ರಾರ್ಥನೆಯ ಮನೆಗೆ ನಾವು ಹೇಳುವ ಹೆಸರುಗಳಲ್ಲೂ ಈ ಚರಿತ್ರೆ ಅಡಗಿದೆ. ಇಗರ್ಜಿ ಪೋರ್ಚುಗೀಸರಿಂದ ಕೊಂಕಣಿಯ ದಾರಿಯಲ್ಲಿ ಬಂತು. ಚರ್ಚು ಇಂಗ್ಲಿಷರಿಂದ ಬಂತು. ಸಭೆ ನಮ್ಮದೇ ಹಳೆಯ ಮಾತು. ಮೊದಲಿನ ಎರಡು ಕಟ್ಟಡವನ್ನು ಹೇಳಿದರೆ ಮೂರನೆಯದು ಕೂತ ಜನರನ್ನು ಹೇಳುತ್ತದೆ.

ಹಾಗಾದರೆ ಕೊಡವರಿಗೂ ಮಿಶನ್ನಿಗೂ ಸಂಬಂಧವೇ ಹರಿಯಿತೇ? ಇಲ್ಲ. ಅವರು ದೀಕ್ಷಾಸ್ನಾನ ಬೇಡವೆಂದರು, ಶಾಲೆ ಬೇಕೆಂದರು. ಬಾಸೆಲ್ ಮಿಶನ್ನಿನ ಜಿ. ರಿಕ್ಟರ್ ಮಡಿಕೇರಿಯ ಸರ್ಕಾರಿ ಶಾಲೆಯ ಮುಖ್ಯಸ್ಥರಾಗಿ ಕೊಡವ ಹುಡುಗರಿಗೆ ಕಲಿಸಿದರು. 1870ರಲ್ಲಿ ಅವರ ‘ಮ್ಯಾನ್ಯುಅಲ್ ಆಫ್ ಕೂರ್ಗ್’ ಅಚ್ಚಾಯಿತು. ಇಂದಿಗೂ ಕೊಡಗಿನ ಬಗ್ಗೆ ಬರೆಯುವವರು ಅದನ್ನು ತಿರುವಿ ಹಾಕದೆ ಮುಂದೆ ಹೋಗುವುದಿಲ್ಲ. ಮೋಗ್ಲಿಂಗರಂತೂ ದೊಡ್ಡ ವೀರರಾಜೇಂದ್ರ ಬರೆಸಿದ್ದ ಮನೆತನದ ಚರಿತ್ರೆ ‘ರಾಜೇಂದ್ರನಾಮೆ’ಯನ್ನು 1857ರಲ್ಲಿ ಮಂಗಳೂರಿನಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿದರು. ಅದೇ ದಶಕದಲ್ಲಿ ಅದೇ ಅ‌ರಸರ ಕೋಟೆಯ ಗುಡಿ ಹೋಗಿ ಚರ್ಚು ಬಂದಿತ್ತು. ಇವೆರಡನ್ನೂ ‘ಕ್ರೈಸ್ತರು ಮಾಡಿದ್ದು’ ಎಂದು ಒಂದೇ ಚೀಲಕ್ಕೆ ತುಂಬುವುದು ಸುಲಭ. ಗುಡಿ ತೆಗೆಸಿದ್ದು ಸರ್ಕಾರ, ಪುಸ್ತಕ ಉಳಿಸಿದ್ದು ಒಬ್ಬ ಪಾದ್ರಿ. ಚರಿತ್ರೆ ಬರೆಯುವವರು ಈ ವ್ಯತ್ಯಾಸವನ್ನು ಕಾಯ್ದುಕೊಳ್ಳಲೇಬೇಕು. ಮೋಗ್ಲಿಂಗ್ 1860ರಲ್ಲಿ ಜರ್ಮನಿಗೆ ಮರಳಿದರು, ಮತ್ತೆ ಬರಲಿಲ್ಲ. 1881ರಲ್ಲಿ ತೀರಿಕೊಂಡರು.

ಮುಂದಿನದನ್ನು ಬೇಗ ಹೇಳಬಹುದು. 1914ರ ಮಹಾಯುದ್ಧ ಬಂದಾಗ ಜರ್ಮನ್ ಪಾದ್ರಿಗಳು ಶತ್ರುದೇಶದ ಪ್ರಜೆಗಳಾದರು. ಅವರನ್ನು ಬಂಧನದ ಶಿಬಿರಗಳಲ್ಲಿ ಇಟ್ಟು ಕೊನೆಗೆ ದೇಶ ಬಿಡಿಸಲಾಯಿತು. ಆಳುವ ಇಂಗ್ಲಿಷರೂ ಕ್ರೈಸ್ತರು, ಸೆರೆಹೋದ ಜರ್ಮನರೂ ಕ್ರೈಸ್ತರು. ಕೋಟೆಯ ಚರ್ಚಿನಲ್ಲಿ ಸಾಮ್ರಾಜ್ಯದ ಗೆಲುವಿಗೆ ಪ್ರಾರ್ಥನೆ, ತೋಟದ ಸಭೆಯಲ್ಲಿ ಹೊರಟುಹೋದ ಸಭಾಪಾಲಕರ ಜಾಗ ಖಾಲಿ. ಆಗಲೇ ಬಾಸೆಲ್ ಮಿಶನ್ನಿನ ಸಭೆಗಳು ತಮ್ಮ ಕಾಲ ಮೇಲೆ ತಾವು ನಿಲ್ಲಲು ಕಲಿಯಬೇಕಾದದ್ದು. ವಿರಾಜಪೇಟೆಯ ಕ್ಯಾಥೊಲಿಕರಿಗೆ ಈ ಬಿರುಗಾಳಿ ಅಷ್ಟಾಗಿ ತಾಗಲಿಲ್ಲ. ಕಾಫಿ ತೋಟಗಳಿಗೆ ಮೈಸೂರು ಸೀಮೆಯಿಂದ, ತಮಿಳು ನಾಡಿನಿಂದ, ಕೇರಳದಿಂದ ಬಂದ ಕೂಲಿಗಳಲ್ಲಿ, ವ್ಯಾಪಾರಿಗಳಲ್ಲಿ ಕ್ಯಾಥೊಲಿಕರೂ ಇದ್ದರು. ಕೊಂಕಣಿಯವರ ಇಗರ್ಜಿ ನಿಧಾನವಾಗಿ ಹಲವು ಭಾಷೆಗಳ ಸಭೆಯಾಯಿತು.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿತು. ದಕ್ಷಿಣದ ಆಂಗ್ಲಿಕನ್ನರು ಅದರಲ್ಲಿ ಸೇರಿದರು. ಕೊಡಗಿನ ಬಾಸೆಲ್ ಮಿಶನ್ ಸಭೆಗಳೂ ಅದರೊಳಗೆ ಬಂದವು. ಒಂದು ಕಾಲಕ್ಕೆ ಕಮಿಷನರ್ ಸಾಹೇಬರೂ ಜಮ್ಮದ ಆಳುಗಳ ಮೊಮ್ಮಕ್ಕಳೂ ಬೇರೆ ಬೇರೆ ಬಾಗಿಲುಗಳಿಂದ ಹೋಗುತ್ತಿದ್ದ ಧರ್ಮಕ್ಕೆ ಈಗ ಒಂದೇ ಹೆಸರು, ಒಬ್ಬರೇ ಬಿಷಪ್ಪರು. 1970ರಲ್ಲಿ ಮೈಸೂರು ಧರ್ಮಪ್ರಾಂತ್ಯ ಮೂರಾಗಿ ಒಡೆದು, ಮಂಗಳೂರು ಕೇಂದ್ರವಾಗಿ ಕರ್ನಾಟಕ ದಕ್ಷಿಣ ಧರ್ಮಪ್ರಾಂತ್ಯ ಬಂತು. ಕೊಡಗಿನ ಸಭೆಗಳು ಅದರ ಪಾಲಿಗೆ ಬಂದವು. ಕೋಟೆಯ ಚರ್ಚಿನ ಬೀಗದ ಕೈ ಮುಂದಿನ ವರ್ಷ ಪುರಾತತ್ತ್ವ ಇಲಾಖೆಗೆ ಹೋಯಿತು. ಬಣ್ಣದ ಗಾಜಿನ ಆ ಕಿಟಕಿಯ ಕೆಳಗೆ ಆನಂದಪುರದವರೊಬ್ಬರು ಮುಂದಿನ ಸಾಲಿನಲ್ಲಿ ಕುಳಿತು ಕನ್ನಡದಲ್ಲಿ ಗೀತೆ ಹಾಡಬಹುದಾಗಿದ್ದ ಕಾಲ ಬಂದಾಗ ಅಲ್ಲಿ ಬೆಂಚುಗಳ ಜಾಗದಲ್ಲಿ ಶಿಲ್ಪಗಳಿದ್ದವು.